13ನೇ ಲೆವೆಲ್‌ನ ಕ್ಯಾಂಪೇನ್‌ಗೆ ಹೊಸದಾಗಿ ಸೇರುವವರಿಗೆ ಸುಲಭವಾದ ಕ್ಲಾಸ್ ಯಾವುದು?

ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಎಸೆದು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಒಂದನೇ ಲೆವೆಲ್‌ನಿಂದ ಆಡುತ್ತ ಬಂದವರಿಗೆ ತಮ್ಮ ಪಾತ್ರದ ಶಕ್ತಿಗಳು ಒಂದೊಂದಾಗಿ ದಕ್ಕಿರುತ್ತವೆ; ಒಂದು ಕೈಗೆ ಹತ್ತುವ ಹೊತ್ತಿಗೆ ಇನ್ನೊಂದು ಬಂದು ಸೇರುತ್ತದೆ. ಅದೇ ತಂಡ 13ನೇ ಲೆವೆಲ್ ತಲುಪಿರುವಾಗ ಹೊಸಬರೊಬ್ಬರು ಬಂದು ಕೂತರೆ, ಉಳಿದವರು ತಿಂಗಳುಗಟ್ಟಲೆ ಆಡಿ ಅರಗಿಸಿಕೊಂಡದ್ದನ್ನೆಲ್ಲ ಅವರು ಒಂದೇ ಸಂಜೆಯಲ್ಲಿ ಕ್ಯಾರೆಕ್ಟರ್ ಶೀಟ್ ನೋಡಿ ತಿಳಿದುಕೊಳ್ಳಬೇಕಾಗುತ್ತದೆ. ಆದ್ದರಿಂದ ಯಾವ ಕ್ಲಾಸ್ (ಪಾತ್ರದ ವೃತ್ತಿ) ಆರಿಸಿಕೊಳ್ಳಬೇಕೆಂಬ ಪ್ರಶ್ನೆಗೆ ಒಂದನೇ ಲೆವೆಲ್‌ನ ಆಟಗಾರರಿಗೆ ಕೊಡುವ ಉತ್ತರವನ್ನೇ ಇಲ್ಲಿಯೂ ಕೊಡಲಾಗದು. ಆರಂಭದಲ್ಲಿ ಸರಳವಾಗಿ ಕಂಡ ಕೆಲವು ಕ್ಲಾಸ್‌ಗಳು ಇಷ್ಟು ಹೊತ್ತಿಗೆ ಹತ್ತಾರು ಕವಲೊಡೆದಿರುತ್ತವೆ, ಆರಂಭದಲ್ಲಿ ಗೊಂದಲವೆನಿಸಿದ ಒಂದೆರಡು ಮಾತ್ರ ಆಡಲು ಹಗುರವಾಗಿಯೇ ಉಳಿದಿರುತ್ತವೆ.

ಇಲ್ಲಿನ ಲೆಕ್ಕಗಳು 2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮಗಳಿಗೆ ಸೇರಿದವು. 2024ರ ಪರಿಷ್ಕೃತ ನಿಯಮಗಳಲ್ಲಿ ಬದಲಾದ ಮುಖ್ಯ ಸಂಗತಿಗಳನ್ನು ಮುಂದೆ ಪ್ರತ್ಯೇಕವಾಗಿ ಹೇಳಿದ್ದೇನೆ. 13ನೇ ಲೆವೆಲ್ ಅನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ: 11ರಿಂದ 16ರವರೆಗಿನ ಹಂತದ ನಡುವೆ ಅದು ಬರುತ್ತದೆ, ಪಾತ್ರ ನುರಿತ ಕೆಲಸಗಳಲ್ಲಿ ದಾಳಕ್ಕೆ ಕೂಡುವ ಪ್ರೊಫಿಷಿಯನ್ಸಿ ಬೋನಸ್ ಅಲ್ಲಿಗೆ 5ಕ್ಕೆ ಏರುತ್ತದೆ, ಮತ್ತು ಪೂರ್ಣ ಪ್ರಮಾಣದ ಮಂತ್ರಗಾರರಿಗೆ ಏಳನೇ ಹಂತದ ಮಂತ್ರಗಳು ಅಲ್ಲಿಯೇ ತೆರೆದುಕೊಳ್ಳುವುದರಿಂದ ಸುಲಭದ ಕ್ಲಾಸ್‌ಗೂ ಕಷ್ಟದ ಕ್ಲಾಸ್‌ಗೂ ಇರುವ ಅಂತರ ಎದ್ದು ಕಾಣುತ್ತದೆ.

ಸುಲಭ ಎನ್ನುವಾಗ ಎರಡು ಬಗೆಯ ಶ್ರಮವನ್ನು ಬೇರೆ ಬೇರೆಯಾಗಿ ಎಣಿಸಬೇಕು. ಒಂದು, ಪಾತ್ರವನ್ನು ಕಟ್ಟುವಾಗಿನ ಶ್ರಮ. ಇನ್ನೊಂದು, ಆಟದಲ್ಲಿ ತನ್ನ ಸರದಿ ಬಂದಾಗಿನ ಶ್ರಮ. ಮೊದಲನೆಯದನ್ನು ಮನೆಯಲ್ಲಿ ನಿಧಾನವಾಗಿ, ಬೇಕಾದರೆ ಆಟ ನಡೆಸುವ ಡಂಜನ್ ಮಾಸ್ಟರ್ (ಡಿಎಂ) ಅವರ ನೆರವು ಪಡೆದು, ಒಮ್ಮೆ ಮುಗಿಸಿಬಿಡಬಹುದು. ಎರಡನೆಯದು ಪ್ರತಿ ಸರದಿಗೂ ಮರಳಿ ಬರುತ್ತದೆ, ಅದೂ ಮೇಜಿನ ಸುತ್ತ ಕೂತವರೆಲ್ಲ ನಿಮ್ಮನ್ನೇ ನೋಡುತ್ತಿರುವಾಗ. ವಾರ್‌ಲಾಕ್ ಕಟ್ಟುವುದಕ್ಕೆ ಕಷ್ಟ, ಆಡುವುದಕ್ಕೆ ಹಗುರ. ಕ್ಲೆರಿಕ್ ಇದಕ್ಕೆ ತದ್ವಿರುದ್ಧ. ಸುಲಭದ ಕ್ಲಾಸ್‌ಗಳ ಬಗ್ಗೆ ನಡೆಯುವ ವಾದಗಳಲ್ಲಿ ಬಹುಪಾಲು ಈ ಎರಡನ್ನು ಒಂದಾಗಿ ಕಲಸಿಬಿಡುವುದರಿಂದಲೇ ಹುಟ್ಟುತ್ತವೆ. ನನ್ನ ಅಳತೆ ಇಷ್ಟೇ: ಸರದಿ ಬಂದಾಗ ಏನೂ ಹೊಳೆಯದೆ ಹೋದರೂ ಮಾಡಬಹುದಾದ ಒಂದು ಕೆಲಸ ಆ ಕ್ಲಾಸ್‌ಗೆ ಇರಬೇಕು, ಮತ್ತು ಆ ಕೆಲಸ ತಂಡಕ್ಕೆ ನಿಜವಾಗಿ ಉಪಯೋಗಕ್ಕೆ ಬರಬೇಕು.

ಹೋಲಿಸುವುದಕ್ಕೆ ಒಂದೇ ಎದುರಾಳಿಯನ್ನು ಇಟ್ಟುಕೊಳ್ಳೋಣ. ವಯಸ್ಕ ಕೆಂಪು ಡ್ರ್ಯಾಗನ್‌ನ ಚಾಲೆಂಜ್ ರೇಟಿಂಗ್ (ಎದುರಾಳಿ ಎಷ್ಟು ಕಠಿಣ ಎಂಬ ಅಂಕಿ) 17, ಆರ್ಮರ್ ಕ್ಲಾಸ್ (ಹೊಡೆತ ತಾಗಲು ಮುಟ್ಟಬೇಕಾದ ಮೊತ್ತ) 19, ಹಿಟ್ ಪಾಯಿಂಟ್ (ತಾಳಬಲ್ಲ ಹಾನಿ) 256. 13ನೇ ಲೆವೆಲ್‌ನ ನಾಲ್ವರ ತಂಡಕ್ಕೆ ನಿಯಮಗಳ ಪ್ರಕಾರ ಇದು ಕಠಿಣ ದರ್ಜೆಯ ಕಾಳಗ. ಅದರ ಬೆಂಕಿಯುಸಿರು 18 ಆರುಮುಖದ ದಾಳಗಳಷ್ಟು, ಅಂದರೆ ಸರಾಸರಿ 63 ಪಾಯಿಂಟ್ ಹಾನಿ ಮಾಡುತ್ತದೆ. ಅದರಿಂದ ಅರ್ಧವಾದರೂ ತಪ್ಪಿಸಿಕೊಳ್ಳಲು ಡೆಕ್ಸ್‌ಟೆರಿಟಿ (ಚುರುಕುತನ) ಸೇವಿಂಗ್ ಥ್ರೋನಲ್ಲಿ, ಅಂದರೆ ಅಪಾಯದಿಂದ ಪಾರಾಗಲು ಎಸೆಯುವ ಇಪ್ಪತ್ತುಮುಖದ ದಾಳಕ್ಕೆ ಬೋನಸ್ ಕೂಡಿದ ಮೊತ್ತದಲ್ಲಿ, 21 ಬರಬೇಕು. ಅದಕ್ಕೂ ಮೊದಲು ಅದರ ಇರವೇ ಹುಟ್ಟಿಸುವ ಭಯವೊಂದಿದೆ; ಅದನ್ನು ಮೀರಲು ವಿಸ್ಡಮ್ ಸೇವಿಂಗ್ ಥ್ರೋನಲ್ಲಿ 19 ಬೇಕು. ಭಯಕ್ಕೆ ಒಳಗಾದ ಪಾತ್ರ ಡ್ರ್ಯಾಗನ್ ಕಣ್ಣಿಗೆ ಕಾಣುವಷ್ಟು ಹೊತ್ತೂ ಡಿಸ್‌ಅಡ್ವಾಂಟೇಜ್‌ನಲ್ಲಿ (ಎರಡು ಸಲ ದಾಳ ಎಸೆದು ಕಡಿಮೆ ಬಂದದ್ದನ್ನು ಹಿಡಿದು) ಹೊಡೆಯಬೇಕು, ಹತ್ತಿರ ಹೋಗುವಂತೆಯೂ ಇಲ್ಲ. ಹೊಸಬರು ಸಾಮಾನ್ಯವಾಗಿ ಹಾನಿಯ ಲೆಕ್ಕವನ್ನಷ್ಟೇ ನೋಡಿ ಕ್ಲಾಸ್ ಆರಿಸುತ್ತಾರೆ. ಈ ಲೆವೆಲ್‌ನಲ್ಲಿ ಆಟ ಕೆಡುವುದು ಹೆಚ್ಚಾಗಿ ಸೇವಿಂಗ್ ಥ್ರೋಗಳಲ್ಲಿ.

ಫೈಟರ್: ಮೊದಲ ಸಲಹೆ

ಫೈಟರ್ ಕ್ಲಾಸ್‌ನಲ್ಲಿ ಚಾಂಪಿಯನ್ ಎಂಬ ಉಪಕ್ಲಾಸ್ ಇದೆ. ಅನುಭವಿಗಳು ಅದನ್ನು ಕಂಡರೆ ಮೂಗು ಮುರಿಯುವುದುಂಟು. ಅದರ ಶಕ್ತಿಗಳಲ್ಲಿ ಬಹುಪಾಲು ತಾವಾಗಿಯೇ ಕೆಲಸ ಮಾಡುತ್ತವೆ, ಆಟಗಾರ ಆರಿಸುವಂಥದ್ದು ಏನೂ ಇಲ್ಲ ಎಂಬುದು ಅವರ ದೂರು. ನಡುವೆ ಬಂದು ಸೇರುವವರಿಗೆ ಅದೇ ಅದರ ಹಿರಿಮೆ. 13ನೇ ಲೆವೆಲ್‌ನಲ್ಲಿ ಫೈಟರ್ ಒಂದು ಸರದಿಯಲ್ಲಿ ಮೂರು ಸಲ ಹೊಡೆಯುತ್ತಾನೆ. ಸ್ಟ್ರೆಂತ್ 20 ಇದ್ದು, ಕೈಯಲ್ಲಿ +1 ಗ್ರೇಟ್‌ಸೋರ್ಡ್ ಇದ್ದರೆ ಪ್ರತಿ ಹೊಡೆತಕ್ಕೆ ದಾಳದ ಮೇಲೆ 11 ಸೇರುತ್ತದೆ. ಡ್ರ್ಯಾಗನ್‌ಗೆ ತಾಗಲು ದಾಳದಲ್ಲಿ 8 ಬಂದರೆ ಸಾಕು. ತಾಗಿದ ಪ್ರತಿ ಪೆಟ್ಟಿಗೆ ಸರಾಸರಿ 13 ಪಾಯಿಂಟ್. ತಪ್ಪಿದ ಹೊಡೆತಗಳನ್ನೂ ಹಾನಿಯ ದಾಳಗಳು ಇಮ್ಮಡಿಯಾಗುವ ಕ್ರಿಟಿಕಲ್ ಪೆಟ್ಟುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಸರದಿಗೆ ಸುಮಾರು 27 ಬರುತ್ತದೆ, ಅದೇ ಸರದಿಯಲ್ಲಿ ಇನ್ನೊಮ್ಮೆ ಹೊಡೆಯಲು ಬಿಡುವ ಆಕ್ಷನ್ ಸರ್ಜ್ ಬಳಸಿದರೆ ಅದರ ಇಮ್ಮಡಿ. ಚಾಂಪಿಯನ್‌ಗೆ 20 ಮಾತ್ರವಲ್ಲದೆ 19 ಬಿದ್ದರೂ ಕ್ರಿಟಿಕಲ್ ಆಗುವುದರಿಂದ ಮೂರು ಹೊಡೆತಗಳಲ್ಲಿ ಕನಿಷ್ಠ ಒಂದು ಕ್ರಿಟಿಕಲ್ ಬೀಳುವ ಸಾಧ್ಯತೆ ಶೇ 27ರಷ್ಟಿದೆ. ಇದಕ್ಕಾಗಿ ಆಟಗಾರ ನೆನಪಿಡಬೇಕಾದದ್ದು ದಾಳದಲ್ಲಿ 19 ಬಂದಾಗ ಅದನ್ನು ಗಟ್ಟಿಯಾಗಿ ಹೇಳುವುದೊಂದನ್ನೇ.

ಫೈಟರ್‌ನ ನಿಜವಾದ ಅನುಕೂಲ ಮಾತ್ರ ಬೇರೆಡೆ ಇದೆ. ಉಳಿದ ಬಹುತೇಕ ಕ್ಲಾಸ್‌ಗಳಿಗೆ 13ರ ಹೊತ್ತಿಗೆ ಎಬಿಲಿಟಿ ಸ್ಕೋರ್ (ಸ್ಟ್ರೆಂತ್, ವಿಸ್ಡಮ್‌ನಂಥ ಗುಣಗಳ ಅಂಕಿ) ಹೆಚ್ಚಿಸಿಕೊಳ್ಳುವ ಅವಕಾಶ ಮೂರು ಸಲ ಬಂದಿದ್ದರೆ ಫೈಟರ್‌ಗೆ ನಾಲ್ಕು ಸಲ ಬಂದಿರುತ್ತದೆ. 16ರಿಂದ ಶುರುವಾದ ಸ್ಟ್ರೆಂತ್ 20 ಮುಟ್ಟಲು ಎರಡು ಖರ್ಚಾದವು. ಮೂರನೆಯದಕ್ಕೆ, ಸ್ಕೋರ್ ಹೆಚ್ಚಿಸುವ ಬದಲು ಪಡೆಯಬಹುದಾದ ವಿಶೇಷ ಶಕ್ತಿಗಳಾದ ಫೀಟ್‌ಗಳಿಗೆ ಡಿಎಂ ಒಪ್ಪಿದ್ದರೆ, ರೆಸಿಲಿಯಂಟ್ ಎಂಬ ಫೀಟ್ ಅನ್ನು ವಿಸ್ಡಮ್‌ಗೆ ತೆಗೆದುಕೊಳ್ಳಬೇಕು. ವಿಸ್ಡಮ್ 12 ಇಟ್ಟುಕೊಂಡು ಬಂದ ಫೈಟರ್‌ಗೆ ಆಗ ಸೇವಿಂಗ್ ಥ್ರೋನಲ್ಲಿ +6 ಸಿಗುತ್ತದೆ, ಡ್ರ್ಯಾಗನ್‌ನ ಭಯವನ್ನು ಮೀರುವ ಸಾಧ್ಯತೆ ಶೇ 40 ಆಗುತ್ತದೆ. ಇಂಡಾಮಿಟಬಲ್ ಶಕ್ತಿಯಿಂದ ದಿನಕ್ಕೆ ಎರಡು ಸಲ ಸೋತ ಸೇವಿಂಗ್ ಥ್ರೋ ಅನ್ನು ಮತ್ತೆ ಎಸೆಯಬಹುದಾದ್ದರಿಂದ, ಅದನ್ನು ಬಳಸಿದಾಗ ಈ ಸಾಧ್ಯತೆ ಶೇ 64ಕ್ಕೆ ಏರುತ್ತದೆ. ಹೆಚ್ಚಿನವರು ಈ ಜಾಗದಲ್ಲಿ ಗ್ರೇಟ್ ವೆಪನ್ ಮಾಸ್ಟರ್ ಫೀಟ್ ತೆಗೆದುಕೊಳ್ಳಿ ಎನ್ನುತ್ತಾರೆ: ತಾಗಿಸಲು ಎಸೆಯುವ ದಾಳದ ಮೊತ್ತದಲ್ಲಿ 5 ಬಿಟ್ಟುಕೊಟ್ಟು ಹಾನಿಗೆ 10 ಸೇರಿಸಿಕೊಳ್ಳುವ ವ್ಯಾಪಾರ ಅದು. ಆರ್ಮರ್ ಕ್ಲಾಸ್ 19ರ ಎದುರು ಲೆಕ್ಕ ಹಾಕಿದರೆ ಒಂದು ಹೊಡೆತದ ಸರಾಸರಿ 8.45 ಇದ್ದದ್ದು 9.2 ಆಗುತ್ತದೆ. ಒಂದು ಪಾಯಿಂಟ್ ಕೂಡ ಇಲ್ಲದ ಈ ಲಾಭಕ್ಕಾಗಿ ಪ್ರತಿ ಸರದಿಯಲ್ಲಿ ಮೂರು ಸಲ ಮನಸ್ಸಿನಲ್ಲೇ ಲೆಕ್ಕ ಮಾಡುತ್ತ ಕೂರುವುದು ಹೊಸಬರಿಗೆ ಬೇಡದ ಹೊರೆ.

ತೀರ ಹೊಸಬರಾದರೆ ಕತ್ತಿಗಿಂತ ಬಿಲ್ಲು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಡ್ರ್ಯಾಗನ್ ಹಾರುತ್ತದೆ, ಈ ಲೆವೆಲ್‌ನ ಎದುರಾಳಿಗಳಲ್ಲಿ ಹಾರುವವರಿಗೆ ಕೊರತೆಯಿಲ್ಲ. ಗ್ರೇಟ್‌ಸೋರ್ಡ್ ಹಿಡಿದವನು ನೆಲದಲ್ಲಿ ನಿಂತು ಆಕಾಶ ನೋಡುವಾಗ ಲಾಂಗ್‌ಬೋ ಹಿಡಿದವನು 150 ಅಡಿ ದೂರದವರೆಗೆ ಯಾವ ತೊಂದರೆಯೂ ಇಲ್ಲದೆ ಬಾಣ ಬಿಡುತ್ತಾನೆ. ಆರ್ಚರಿ ಫೈಟಿಂಗ್ ಸ್ಟೈಲ್, +1 ಲಾಂಗ್‌ಬೋ ಮತ್ತು ಡೆಕ್ಸ್‌ಟೆರಿಟಿ 20 ಸೇರಿದರೆ ದಾಳಕ್ಕೆ 13 ಕೂಡುತ್ತದೆ, ನಾಲ್ಕು ಬಾಣಗಳಲ್ಲಿ ಮೂರು ತಾಗುತ್ತವೆ, ಸರದಿಗೆ ಸರಾಸರಿ 25 ಪಾಯಿಂಟ್ ಹಾನಿ. ಕತ್ತಿಗಿಂತ ಎರಡು ಪಾಯಿಂಟ್ ಕಡಿಮೆ, ಆದರೆ ಎಲ್ಲಿ ನಿಲ್ಲಬೇಕು, ಯಾರ ಪಕ್ಕದಿಂದ ಹಾದು ಹೋದರೆ ಪೆಟ್ಟು ಬೀಳುತ್ತದೆ ಎಂಬ ಯೋಚನೆಗಳಲ್ಲಿ ಮುಕ್ಕಾಲು ಪಾಲು ಇಲ್ಲವಾಗುತ್ತದೆ. ಬೆಂಕಿಯುಸಿರಿನ ಎದುರಿಗೂ ಡೆಕ್ಸ್‌ಟೆರಿಟಿ ಸ್ವಲ್ಪ ಕಾಪಾಡುತ್ತದೆ.

ಚಾಂಪಿಯನ್‌ಗಿಂತ ಸ್ವಲ್ಪ ಹೆಚ್ಚು ಕೈಚಳಕ ಬೇಕೆನ್ನುವವರು ಬ್ಯಾಟಲ್ ಮಾಸ್ಟರ್ ನೋಡಬಹುದು. 13ರಲ್ಲಿ ಅವರಿಗೆ ಏಳು ಪಟ್ಟುಗಳು ಗೊತ್ತಿರುತ್ತವೆ, ಅವುಗಳಿಗೆ ಖರ್ಚು ಮಾಡಲು ಹತ್ತುಮುಖದ ಐದು ದಾಳಗಳಿರುತ್ತವೆ. ಏಳರಲ್ಲಿ ಮೂರನ್ನು ಮಾತ್ರ ಕಲಿತು ಉಳಿದವನ್ನು ಸದ್ಯಕ್ಕೆ ಮರೆತರೂ ನಡೆಯುತ್ತದೆ.

ಫೈಟರ್‌ನ ಕೊರತೆಯನ್ನೂ ಹೇಳಬೇಕು. ಈ ಲೆವೆಲ್‌ನ ಕ್ಯಾಂಪೇನ್‌ಗಳಲ್ಲಿ ಕಾಳಗವೇ ಇಲ್ಲದ ಸೆಷನ್‌ಗಳು ಬರುತ್ತವೆ. ವಿಝರ್ಡ್ ಟೆಲಿಪೋರ್ಟ್ ಮಾಡಿ ಇಡೀ ತಂಡವನ್ನು ಇನ್ನೊಂದು ಖಂಡಕ್ಕೆ ಒಯ್ಯುತ್ತಾರೆ, ಬಾರ್ಡ್ ರಾಜಸಭೆಯಲ್ಲಿ ಮಾತು ಗೆಲ್ಲುತ್ತಾರೆ. ಫೈಟರ್ ಆ ಮೂರು ಗಂಟೆ ನಿಯಮಗಳ ಮಟ್ಟಿಗೆ ಪ್ರೇಕ್ಷಕ. ಪಾತ್ರಾಭಿನಯಕ್ಕೆ ಕ್ಲಾಸ್ ಅಡ್ಡಿಯಲ್ಲ ಎನ್ನುವುದು ನಿಜವಾದರೂ, ಹೊಸಬರಿಗೆ ಮಾತನಾಡುವ ಧೈರ್ಯ ಬರುವುದು ಕೈಯಲ್ಲೊಂದು ಗಟ್ಟಿ ಅಂಕಿ ಇದ್ದಾಗಲೇ.

ಕಾಳಗದ ಹೊರಗೂ ಕೆಲಸ ಬೇಕೆನ್ನುವವರಿಗೆ: ರೋಗ್

ಆ ಗಟ್ಟಿ ಅಂಕಿ ರೋಗ್ ಬಳಿ ಇದೆ. 11ನೇ ಲೆವೆಲ್‌ನಲ್ಲಿ ಅವರಿಗೆ ಸಿಗುವ ರಿಲಯಬಲ್ ಟ್ಯಾಲೆಂಟ್ ಎಂಬ ಶಕ್ತಿಯಿಂದ, ಪ್ರೊಫಿಷಿಯನ್ಸಿ ಇರುವ ಯಾವುದೇ ಕೌಶಲದಲ್ಲಿ ದಾಳದ ಮೇಲೆ 9 ಅಥವಾ ಅದಕ್ಕಿಂತ ಕಡಿಮೆ ಬಿದ್ದರೂ ಅದನ್ನು 10 ಎಂದೇ ಎಣಿಸಲಾಗುತ್ತದೆ. ಸ್ಟೆಲ್ತ್‌ನಲ್ಲಿ ಎಕ್ಸ್‌ಪರ್ಟೀಸ್ ಇದ್ದು ಡೆಕ್ಸ್‌ಟೆರಿಟಿ 20 ಇರುವ 13ನೇ ಲೆವೆಲ್‌ನ ರೋಗ್ ಎಷ್ಟೇ ಕೆಟ್ಟದಾಗಿ ಎಸೆದರೂ 25ಕ್ಕಿಂತ ಕೆಳಗೆ ಇಳಿಯುವುದಿಲ್ಲ: ದಾಳದಿಂದ 10, ಡೆಕ್ಸ್‌ಟೆರಿಟಿಯಿಂದ 5, ಇಮ್ಮಡಿಯಾದ ಪ್ರೊಫಿಷಿಯನ್ಸಿಯಿಂದ 10. ಬೀಗ ತೆರೆಯುವುದು, ಕದ್ದಾಲಿಸುವುದು, ಸುಳ್ಳು ಹೇಳಿ ಬಾಗಿಲು ದಾಟುವುದು ಇವೆಲ್ಲ ಹೊಸಬರ ಕೈಯಲ್ಲೂ ಕೆಡದೆ ನಡೆಯುವುದು ಈ ಒಂದು ಸಾಲಿನ ನಿಯಮದಿಂದ.

ಕಾಳಗದಲ್ಲಿ ರೋಗ್ ಸರದಿಗೆ ಒಂದೇ ಸಲ ಹೊಡೆಯುತ್ತಾರೆ, ಆದರೆ ಆ ಒಂದು ಪೆಟ್ಟಿಗೆ ಸ್ನೀಕ್ ಅಟ್ಯಾಕ್‌ನ ಏಳು ಆರುಮುಖದ ದಾಳಗಳು ಸೇರುತ್ತವೆ. +1 ಶಾರ್ಟ್‌ಬೋ ಹಿಡಿದರೆ ತಾಗಿದ ಬಾಣಕ್ಕೆ ಸರಾಸರಿ 34, ತಪ್ಪುವ ಸಾಧ್ಯತೆಯನ್ನು ಸೇರಿಸಿದರೆ ಸರದಿಗೆ 23ರಿಂದ 24. ಅಡ್ವಾಂಟೇಜ್ (ಎರಡು ಸಲ ದಾಳ ಎಸೆದು ಹೆಚ್ಚು ಬಂದದ್ದನ್ನು ಹಿಡಿಯುವುದು) ಇದ್ದರೆ 32ರ ಮೇಲೆ. ಇದಕ್ಕೆ ಷರತ್ತೊಂದಿದೆ: ಒಂದೋ ಅಡ್ವಾಂಟೇಜ್ ಇರಬೇಕು, ಇಲ್ಲವೇ ಗುರಿಯ ಐದು ಅಡಿಯೊಳಗೆ ನಮ್ಮ ಕಡೆಯವರೊಬ್ಬರು ಇರಬೇಕು, ಮತ್ತು ಡಿಸ್‌ಅಡ್ವಾಂಟೇಜ್ ಇರಕೂಡದು. ಹೊಸಬರು ಇದನ್ನು ಒಂದೇ ಸೂತ್ರವಾಗಿ ನೆನಪಿಟ್ಟುಕೊಂಡರೆ ಸಾಕು: ನಮ್ಮವರು ಯಾರ ಜೊತೆ ಕೈಗೆ ಕೈ ಹತ್ತಿಸಿಕೊಂಡಿದ್ದಾರೋ ಅವರಿಗೇ ಬಾಣ ಬಿಡಿ. 2020ರಲ್ಲಿ ಐಚ್ಛಿಕ ನಿಯಮವಾಗಿ ಬಂದ ಸ್ಟೆಡಿ ಏಮ್ ಬಳಸಲು ಡಿಎಂ ಬಿಟ್ಟರೆ ಇನ್ನೂ ಸಲೀಸು. ಆ ಸರದಿಯಲ್ಲಿ ಜಾಗ ಬಿಟ್ಟು ಕದಲದಿದ್ದರೆ ಬೋನಸ್ ಆಕ್ಷನ್ (ಸರದಿಯಲ್ಲಿ ಮಾಡಬಹುದಾದ ಚಿಕ್ಕ ಹೆಚ್ಚುವರಿ ಕೆಲಸ) ಖರ್ಚು ಮಾಡಿ ಅಡ್ವಾಂಟೇಜ್ ಪಡೆಯಬಹುದು.

ಡ್ರ್ಯಾಗನ್ ಬೆಂಕಿಯುಗುಳಿದಾಗ ರೋಗ್‌ನ ಇವೇಷನ್ ಶಕ್ತಿ ಕಣ್ಣಿಗೆ ಕಾಣುವಂತೆ ಕೆಲಸ ಮಾಡುತ್ತದೆ. ಡೆಕ್ಸ್‌ಟೆರಿಟಿ ಸೇವಿಂಗ್ ಥ್ರೋಗೆ +10 ಇರುವುದರಿಂದ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ. ಗೆದ್ದರೆ ಹಾನಿ ಸೊನ್ನೆ, ಸೋತರೆ 63ರಲ್ಲಿ 31 ಮಾತ್ರ. ಅದೇ ಬೆಂಕಿಯಲ್ಲಿ ಕತ್ತಿ ಹಿಡಿದ ಫೈಟರ್ ತನ್ನ 121 ಹಿಟ್ ಪಾಯಿಂಟ್‌ಗಳಲ್ಲಿ ಅರ್ಧದಷ್ಟನ್ನು ಒಂದೇ ಉಸಿರಿಗೆ ಕಳೆದುಕೊಂಡಿರುತ್ತಾನೆ. ಆದರೆ ಭಯ ರೋಗ್‌ಗೆ ಫೈಟರ್‌ಗಿಂತ ದುಬಾರಿ. ಹೆದರಿದ ರೋಗ್‌ಗೆ ಡಿಸ್‌ಅಡ್ವಾಂಟೇಜ್ ಬರುತ್ತದೆ, ಡಿಸ್‌ಅಡ್ವಾಂಟೇಜ್ ಬಂದರೆ ಸ್ನೀಕ್ ಅಟ್ಯಾಕ್ ಪೂರ್ತಿ ಹೋಗುತ್ತದೆ, ಉಳಿಯುವುದು ಒಂದು ಬಡಪಾಯಿ ಬಾಣ. ವಿಸ್ಡಮ್ ಸೇವಿಂಗ್ ಥ್ರೋನಲ್ಲಿ ಪ್ರೊಫಿಷಿಯನ್ಸಿ ಕೊಡುವ ಸ್ಲಿಪರಿ ಮೈಂಡ್ 15ನೇ ಲೆವೆಲ್‌ಗಷ್ಟೇ ಬರುವುದರಿಂದ 13ರಲ್ಲಿ ಸೇರುವವರು ಇಲ್ಲಿಯೂ ರೆಸಿಲಿಯಂಟ್ ಫೀಟ್ ತೆಗೆದುಕೊಳ್ಳುವುದು ಜಾಣತನ. ರೋಗ್‌ಗೂ ಇಷ್ಟು ಹೊತ್ತಿಗೆ ನಾಲ್ಕು ಅವಕಾಶ ಬಂದಿರುತ್ತದೆ. ಉಪಕ್ಲಾಸ್‌ಗಳಲ್ಲಿ ಥೀಫ್ ಸರಳ. ಮಂತ್ರಗಳನ್ನು ತಂದು ಜೋಡಿಸುವ ಆರ್ಕೇನ್ ಟ್ರಿಕ್‌ಸ್ಟರ್ ಬೇಡ.

ಬಾರ್ಬೇರಿಯನ್: ಹೇಳುವಷ್ಟು ಸುಲಭವಲ್ಲ

ಹೊಸಬರಿಗೆ ಬಾರ್ಬೇರಿಯನ್ ಕೊಡಿ ಎಂಬ ಮಾತು ಎಲ್ಲೆಡೆ ಕೇಳುತ್ತದೆ, ಮತ್ತು ಕಡಿಮೆ ಲೆವೆಲ್‌ಗಳಲ್ಲಿ ಅದು ಸರಿಯಾದ ಮಾತೇ. ರೇಜ್ ಎಂಬ ಆವೇಶ ಹತ್ತಿಸಿಕೊಂಡು, ರೆಕ್‌ಲೆಸ್ ಆಗಿ ನುಗ್ಗಿ, +1 ಗ್ರೇಟ್‌ಆ್ಯಕ್ಸ್‌ನಿಂದ ಎರಡು ಸಲ ಬಾರಿಸಿದರೆ ಡ್ರ್ಯಾಗನ್ ಎದುರು ಸರದಿಗೆ ಸುಮಾರು 31 ಬರುತ್ತದೆ. ಆಕ್ಷನ್ ಸರ್ಜ್ ಇಲ್ಲದ ಸರದಿಗಳಲ್ಲಿ ಫೈಟರ್‌ಗಿಂತ ಹೆಚ್ಚು. ಕಾನ್ಸ್ಟಿಟ್ಯೂಷನ್ 18 ಇದ್ದರೆ ಹಿಟ್ ಪಾಯಿಂಟ್ 148. ಬೇರ್ ಟೋಟೆಮ್ ಆರಿಸಿಕೊಂಡಿದ್ದರೆ ರೇಜ್‌ನಲ್ಲಿರುವಾಗ ಮಾನಸಿಕ ಹಾನಿಯೊಂದನ್ನು ಬಿಟ್ಟು ಬೆಂಕಿಯೂ ಸೇರಿದಂತೆ ಎಲ್ಲವೂ ಅರ್ಧವಾಗುತ್ತದೆ.

ತೊಂದರೆ ಎರಡು ಕಡೆಯಿಂದ ಬರುತ್ತದೆ. ವಿಸ್ಡಮ್ 10 ಇರುವ ಬಾರ್ಬೇರಿಯನ್ ಡ್ರ್ಯಾಗನ್‌ನ ಭಯವನ್ನು ಮೀರಬೇಕಾದರೆ ದಾಳದಲ್ಲಿ 19 ಅಥವಾ 20 ಬೀಳಬೇಕು. ಹತ್ತರಲ್ಲಿ ಒಂಬತ್ತು ಸಲ ಅವನು ಮುಂದೆ ಹೆಜ್ಜೆ ಇಡಲಾರದೆ ನಿಂತುಬಿಡುತ್ತಾನೆ. ಎರಡನೆಯದು ರೇಜ್‌ನ ಷರತ್ತು: ಕಳೆದ ಸರದಿಯಿಂದ ಈಚೆಗೆ ಎದುರಾಳಿಯ ಮೇಲೆ ದಾಳಿ ಮಾಡದೆ, ಪೆಟ್ಟನ್ನೂ ತಿನ್ನದೆ ಸರದಿ ಮುಗಿಸಿದರೆ ಅದು ಆರಿಹೋಗುತ್ತದೆ. ಹೆದರಿ ದೂರ ನಿಂತ ಬಾರ್ಬೇರಿಯನ್, ಮೇಲೆ ಹಾರುತ್ತಿರುವ ಡ್ರ್ಯಾಗನ್, ಹೊರಗೆಳೆಯಲು ಮರೆತ ಜಾವಲಿನ್: ದಿನಕ್ಕಿರುವ ಐದರಲ್ಲಿ ಒಂದು ರೇಜ್ ಅಲ್ಲಿಗೆ ವ್ಯರ್ಥ. ಈ ತೊಡಕನ್ನು ನಿವಾರಿಸುವ ಪರ್ಸಿಸ್ಟೆಂಟ್ ರೇಜ್ ಬರುವುದು 15ಕ್ಕೆ. ತಂಡದಲ್ಲಿ ಈಗಾಗಲೇ ಪ್ಯಾಲಡಿನ್ ಒಬ್ಬರಿದ್ದರೆ ಚಿತ್ರವೇ ಬದಲಾಗುತ್ತದೆ. 10ನೇ ಲೆವೆಲ್‌ನಿಂದ ಅವರ ಹತ್ತು ಅಡಿಯೊಳಗೆ ನಿಂತ ಗೆಳೆಯರು, ಅವರು ಪ್ರಜ್ಞೆಯಲ್ಲಿರುವವರೆಗೆ, ಹೆದರುವುದೇ ಇಲ್ಲ. ಅಂಥ ತಂಡಕ್ಕೆ ಬಾರ್ಬೇರಿಯನ್ ಆಗಿ ಧಾರಾಳವಾಗಿ ಸೇರಬಹುದು.

ಮಂತ್ರವೇ ಬೇಕೆಂದರೆ: ವಾರ್‌ಲಾಕ್

ಮಂತ್ರಗಾರರ ಪೈಕಿ ನಾನು ಶಿಫಾರಸು ಮಾಡುವುದು ವಾರ್‌ಲಾಕ್ ಒಂದನ್ನೇ. ಕಾರಣ ತಿಳಿಯಲು ವಿಝರ್ಡ್ ಜೊತೆ ಇಟ್ಟು ನೋಡಬೇಕು. 13ನೇ ಲೆವೆಲ್‌ನ ವಿಝರ್ಡ್‌ನ ಪುಸ್ತಕದಲ್ಲಿ ಕನಿಷ್ಠ 30 ಮಂತ್ರಗಳಿರುತ್ತವೆ, ಅವುಗಳಲ್ಲಿ 18ನ್ನು ಆ ದಿನಕ್ಕೆ ಸಿದ್ಧಪಡಿಸಿಕೊಂಡಿರುತ್ತಾರೆ, ಅವನ್ನು ಏಳು ಬೇರೆ ಬೇರೆ ಹಂತಗಳ 17 ಸ್ಲಾಟ್‌ಗಳಲ್ಲಿ (ಮಂತ್ರ ಹಾಕಿದಾಗ ಒಂದೊಂದಾಗಿ ಖರ್ಚಾಗುವ ಅವಕಾಶಗಳಲ್ಲಿ) ಹಂಚಬೇಕು. ಕೆಂಪು ಡ್ರ್ಯಾಗನ್ ಎದುರಿಗೆ ಬಂದಾಗ ಹೊಸ ವಿಝರ್ಡ್‌ಗೆ ಮೊದಲು ಹೊಳೆಯುವುದು ಫೈರ್‌ಬಾಲ್. ಅದಕ್ಕೆ ಬೆಂಕಿ ತಾಗುವುದೇ ಇಲ್ಲ. ಹಾಗಾದರೆ ದೊಡ್ಡ ಮಂತ್ರವೊಂದನ್ನು ಪ್ರಯೋಗಿಸೋಣವೆಂದರೆ, ದಿನಕ್ಕೆ ಮೂರು ಸಲ ಸೋತ ಸೇವಿಂಗ್ ಥ್ರೋ ಅನ್ನು ಗೆಲುವಾಗಿ ಬದಲಿಸಿಕೊಳ್ಳುವ ಲೆಜೆಂಡರಿ ರೆಸಿಸ್ಟೆನ್ಸ್ ಡ್ರ್ಯಾಗನ್‌ಗೆ ಇದೆ. ಇರುವ ಒಂದೇ ಏಳನೇ ಹಂತದ ಸ್ಲಾಟ್ ಹಾಗೆ ಕೈಬಿಟ್ಟು ಹೋಗುತ್ತದೆ. ಕಾನ್ಸಂಟ್ರೇಶನ್ (ಕದಲದ ಗಮನ) ಬೇಡುವ ಮಂತ್ರವನ್ನು ಹಿಡಿದುಕೊಂಡಿರುವಾಗ ಬೆಂಕಿಯುಸಿರು ಪೂರ್ತಿ ತಾಗಿದರೆ ಅದನ್ನು ಉಳಿಸಿಕೊಳ್ಳಲು 31 ಬೇಕು, ಅದು ಯಾವ ದಾಳಕ್ಕೂ ನಿಲುಕದ ಅಂಕಿ. ಇದನ್ನೆಲ್ಲ ಹಂತ ಹಂತವಾಗಿ ಕಲಿತವರಿಗೆ ವಿಝರ್ಡ್ ಆಡುವುದರಷ್ಟು ಸಂತೋಷ ಇನ್ನೊಂದಿಲ್ಲ ಎನ್ನುವುದು ಬೇರೆ ಮಾತು.

ವಾರ್‌ಲಾಕ್ ಏನೂ ತೋಚದಿದ್ದಾಗ ಎಲ್ಡ್ರಿಚ್ ಬ್ಲಾಸ್ಟ್ ಹೊಡೆಯುತ್ತಾರೆ. 120 ಅಡಿ ದೂರಕ್ಕೆ ಮೂರು ಕಿರಣಗಳು, ಅಗೊನೈಝಿಂಗ್ ಬ್ಲಾಸ್ಟ್ ಎಂಬ ಇನ್ವೊಕೇಶನ್ (ವಾರ್‌ಲಾಕ್ ಆರಿಸಿಕೊಳ್ಳುವ ವಿಶೇಷ ಶಕ್ತಿ) ಇದ್ದರೆ ಒಂದೊಂದಕ್ಕೂ ಸರಾಸರಿ ಹತ್ತೂವರೆ ಪಾಯಿಂಟ್, ಎಷ್ಟು ಸಲ ಬಳಸಿದರೂ ಖರ್ಚಿಲ್ಲ. ಡ್ರ್ಯಾಗನ್ ಎದುರು ಸರದಿಗೆ ಸುಮಾರು 20 ಬರುತ್ತದೆ, ಹೆಕ್ಸ್ ಮಂತ್ರ ಜೊತೆಗಿದ್ದರೆ 26. ಫೈಟರ್‌ಗೆ ಹತ್ತಿರದ ಅಂಕಿ ಇದು. ಸ್ಲಾಟ್‌ಗಳು ಮೂರೇ, ಮೂರೂ ಐದನೇ ಹಂತದವು, ಗಂಟೆ ಹೊತ್ತಿನ ಶಾರ್ಟ್ ರೆಸ್ಟ್ ಸಿಕ್ಕರೆ ಮರಳಿ ತುಂಬುತ್ತವೆ. ಆರನೇ ಮತ್ತು ಏಳನೇ ಹಂತದ ಒಂದೊಂದು ಮಂತ್ರವನ್ನು ದಿನಕ್ಕೊಮ್ಮೆ ಬಳಸಬಹುದು. ಯಾವ ಸ್ಲಾಟ್‌ನಲ್ಲಿ ಯಾವ ಮಂತ್ರ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಕಟ್ಟುವಾಗ ಮಾತ್ರ ನೆರವು ಬೇಕು: 12 ಮಂತ್ರಗಳು, ಆರು ಇನ್ವೊಕೇಶನ್‌ಗಳು, ಶಕ್ತಿ ಕೊಡುವ ಒಬ್ಬ ಪೇಟ್ರನ್, ಅವರೊಂದಿಗಿನ ಒಂದು ಪ್ಯಾಕ್ಟ್ (ಒಪ್ಪಂದ) ಆರಿಸಬೇಕು. ಪೇಟ್ರನ್ ಆಗಿ ಫೀಂಡ್ ಒಳ್ಳೆಯದು, ಎದುರಾಳಿಯೊಬ್ಬನನ್ನು ಉರುಳಿಸಿದಾಗೆಲ್ಲ ತಾನಾಗಿಯೇ 18 ತಾತ್ಕಾಲಿಕ ಹಿಟ್ ಪಾಯಿಂಟ್ ಬರುತ್ತದೆ. ಇನ್ವೊಕೇಶನ್‌ಗಳಲ್ಲಿ ಸದಾ ಜಾರಿಯಲ್ಲಿರುವಂಥವನ್ನೇ ತೆಗೆದುಕೊಳ್ಳಬೇಕು. ಮಂತ್ರಗಳಲ್ಲಿ ಆರ್ಮರ್ ಆಫ್ ಅಗಾಥಿಸ್ ಬಿಡಬಾರದು. ಐದನೇ ಹಂತದಲ್ಲಿ ಅದು 25 ತಾತ್ಕಾಲಿಕ ಹಿಟ್ ಪಾಯಿಂಟ್ ಕೊಡುತ್ತದೆ, ಅವು ಮುಗಿಯುವವರೆಗೆ ಹತ್ತಿರ ಬಂದು ಹೊಡೆದವರಿಗೆ 25 ಪಾಯಿಂಟ್ ಚಳಿಯ ಹಾನಿ ಮಾಡುತ್ತದೆ, ಕಾನ್ಸಂಟ್ರೇಶನ್ ಬೇಡ. ತಂಡ ಶಾರ್ಟ್ ರೆಸ್ಟ್ ತೆಗೆದುಕೊಳ್ಳುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ತೆಗೆದುಕೊಳ್ಳದ ತಂಡಗಳಿವೆ, ಅಲ್ಲಿ ಮೂರು ಸ್ಲಾಟ್‌ಗಳಲ್ಲೇ ದಿನ ದೂಡಬೇಕಾಗುತ್ತದೆ.

ಉಳಿದವು

ಪ್ಯಾಲಡಿನ್ ನಡುವೆ ಎಲ್ಲೋ ಬರುತ್ತಾರೆ. ಪೆಟ್ಟು ತಾಗಿದ್ದು ಖಚಿತವಾದ ಮೇಲೆ ಸ್ಲಾಟ್ ಖರ್ಚು ಮಾಡಿ ಡಿವೈನ್ ಸ್ಮೈಟ್ ಸೇರಿಸಬಹುದಾದ್ದರಿಂದ ಯಾವುದೂ ವ್ಯರ್ಥವಾಗುವುದಿಲ್ಲ, ಸುತ್ತ ನಿಂತವರ ಸೇವಿಂಗ್ ಥ್ರೋಗಳೆಲ್ಲ ತಾವಾಗಿಯೇ ಏರುತ್ತವೆ, ಲೇ ಆನ್ ಹ್ಯಾಂಡ್ಸ್‌ನಲ್ಲಿ 65 ಪಾಯಿಂಟ್ ಚಿಕಿತ್ಸೆ ಇರುತ್ತದೆ. ಮಂತ್ರಗಳ ಪಟ್ಟಿಯನ್ನು ಮುಟ್ಟದೆ ಇರುವ 11 ಸ್ಲಾಟ್‌ಗಳನ್ನೂ ಸ್ಮೈಟ್‌ಗೇ ಸುರಿದರೂ ಯಾರೂ ಬೈಯುವುದಿಲ್ಲ. ಇಷ್ಟು ಶಿಸ್ತಾಗಿ ಪಟ್ಟಿಯನ್ನು ಕಡೆಗಣಿಸಬಲ್ಲಿರಾದರೆ ಇದು ಫೈಟರ್ ಪಕ್ಕದಲ್ಲೇ ಕೂರಿಸಬಹುದಾದ ಆಯ್ಕೆ.

ನಡುವೆ ಸೇರುವವರಿಗೆ ಹೆಚ್ಚಾಗಿ ಕೇಳಿಬರುವ ಬೇಡಿಕೆ ಒಂದಿದೆ: "ನಮ್ಮಲ್ಲಿ ಹೀಲರ್ ಇಲ್ಲ, ನೀವು ಕ್ಲೆರಿಕ್ ಆಗಿಬಿಡಿ." ಇದಕ್ಕೆ ನಯವಾಗಿ ಇಲ್ಲ ಎನ್ನಬೇಕು. ಕ್ಲೆರಿಕ್ ಪ್ರತಿ ಬೆಳಗ್ಗೆ ಇಡೀ ಕ್ಲೆರಿಕ್ ಪಟ್ಟಿಯಿಂದ ಮಂತ್ರಗಳನ್ನು ಆರಿಸಬೇಕು, ಅಂದರೆ ಪಟ್ಟಿ ಪೂರ್ತಿ ಗೊತ್ತಿರಬೇಕು. ಜೊತೆಗೆ ಯಾರಾದರೂ ಸತ್ತರೆ ದೂರು ಬರುವುದು ಅವರ ತಲೆಗೇ. ಇಷ್ಟು ದಿನ ಹೀಲರ್ ಇಲ್ಲದೆ 13ನೇ ಲೆವೆಲ್ ಮುಟ್ಟಿದ ತಂಡ ಇನ್ನೂ ಕೆಲವು ಸೆಷನ್ ಹಾಗೆಯೇ ನಡೆದೀತು.

ಡ್ರುಯಿಡ್‌ಗೆ ಇದೇ ಹೊರೆಯ ಮೇಲೆ ಪ್ರಾಣಿಗಳ ಅಂಕಿಪಟ್ಟಿಗಳೂ ಸೇರುತ್ತವೆ. ಕಾಂಜ್ಯೂರ್ ಆ್ಯನಿಮಲ್ಸ್ ಹಾಕಿ ಎಂಟು ತೋಳಗಳನ್ನು ಕರೆದರೆ ಎಂಟು ಪಾತ್ರಗಳ ಸರದಿ ಒಬ್ಬರೇ ಆಡಬೇಕು. ಸಾರ್ಸರರ್‌ಗೆ ಮಂತ್ರಗಳು 13 ಮಾತ್ರವಾದರೂ ಅಷ್ಟೇ ಸಾರ್ಸರಿ ಪಾಯಿಂಟ್‌ಗಳ ಲೆಕ್ಕ ಬೇರೆ ಇಡಬೇಕು. ಬಾರ್ಡ್, ಮಾಂಕ್ ಮತ್ತು ರೇಂಜರ್ ಮೂರನ್ನೂ ನಾನು ಹೊಸಬರಿಗೆ ಹೇಳುವುದಿಲ್ಲ. ಮೂವರಲ್ಲಿ ಕಷ್ಟ ಕಡಿಮೆ ಇರುವುದು ರೇಂಜರ್‌ಗೆ, ಆದರೆ ಬಿಲ್ಲೇ ಬೇಕಾದರೆ ಫೈಟರ್ ಇದ್ದೇ ಇದ್ದಾನೆ.

2024ರ ನಿಯಮಗಳಲ್ಲಿ

ಪರಿಷ್ಕೃತ ನಿಯಮಗಳಲ್ಲಿ ಆಡುವ ತಂಡವಾದರೆ ಮೇಲಿನ ಕ್ರಮ ಹೆಚ್ಚು ಬದಲಾಗುವುದಿಲ್ಲ, ಆದರೆ ಆಯುಧ ಹಿಡಿಯುವವರ ಶೀಟ್‌ಗಳು ಸ್ವಲ್ಪ ದಪ್ಪವಾಗಿವೆ. ಫೈಟರ್, ಬಾರ್ಬೇರಿಯನ್, ರೋಗ್ ಮೊದಲಾದವರಿಗೆ ವೆಪನ್ ಮಾಸ್ಟರಿ ಎಂಬ ಹೊಸ ಶಕ್ತಿ ಬಂದಿದೆ. ಕೆಲವು ಆಯುಧಗಳ ಮಾಸ್ಟರಿ ಎದುರಾಳಿಯಿಂದ ಪ್ರತಿ ಪೆಟ್ಟಿಗೂ ಸೇವಿಂಗ್ ಥ್ರೋ ಎಸೆಸುತ್ತದೆ, ಆಟ ನಿಧಾನವಾಗುತ್ತದೆ. ಗ್ರೇಟ್‌ಸೋರ್ಡ್‌ನ ಗ್ರೇಝ್ ಹಾಗಲ್ಲ, ಹೊಡೆತ ತಪ್ಪಿದರೂ ಸ್ಟ್ರೆಂತ್‌ನಿಂದ ಸಿಗುವ ಬೋನಸ್‌ನಷ್ಟು ಹಾನಿ ಮಾಡಿ ಸುಮ್ಮನಾಗುತ್ತದೆ. 13ನೇ ಲೆವೆಲ್‌ನ ಫೈಟರ್‌ಗೆ ಹೊಡೆತ ತಪ್ಪಿದಾಗ ಅದೇ ಎದುರಾಳಿಯ ಮೇಲಿನ ಮುಂದಿನ ಹೊಡೆತಕ್ಕೆ ಅಡ್ವಾಂಟೇಜ್ ಸಿಗುತ್ತದೆ, ಇಂಡಾಮಿಟಬಲ್ ಬಳಸಿದಾಗ ಮರು ಎಸೆತಕ್ಕೆ ಫೈಟರ್ ಲೆವೆಲ್ ಕೂಡ ಸೇರುತ್ತದೆ, ಅಂದರೆ +13. ಸೇವಿಂಗ್ ಥ್ರೋಗಳ ಚಿಂತೆ ಬಹುಮಟ್ಟಿಗೆ ತೀರಿತು. ಬಾರ್ಬೇರಿಯನ್ ಬೋನಸ್ ಆಕ್ಷನ್ ಕೊಟ್ಟು ರೇಜ್ ಉಳಿಸಿಕೊಳ್ಳಬಹುದಾದ್ದರಿಂದ ಹಾರುವ ಡ್ರ್ಯಾಗನ್ ಅಷ್ಟು ಕಾಡುವುದಿಲ್ಲ. ಸ್ಟೆಡಿ ಏಮ್ ಈಗ ರೋಗ್‌ನ ಮೂಲ ಶಕ್ತಿಗಳಲ್ಲೇ ಸೇರಿದೆ. ಪ್ಯಾಲಡಿನ್ ಮಾತ್ರ ಸ್ವಲ್ಪ ಬಿಗಿಯಾದರು: ಸ್ಮೈಟ್ ಈಗ ಬೋನಸ್ ಆಕ್ಷನ್ ಬೇಡುವ ಮಂತ್ರ, ಸರದಿಗೆ ಒಂದೇ ಸಲ.

ಸೇರುವ ಮೊದಲು

ಡಿಎಂ ಅವರನ್ನು ಕೇಳಬೇಕಾದದ್ದು ಯಾವ ವರ್ಷದ ನಿಯಮ, ಫೀಟ್ ಉಂಟೋ ಇಲ್ಲವೋ, ತಂಡದಲ್ಲಿ ಯಾರಿದ್ದಾರೆ, ಯಾವ ಮ್ಯಾಜಿಕ್ ವಸ್ತುಗಳು ಸಿಗುತ್ತವೆ ಎಂಬುದು. ಕೊನೆಯದನ್ನು ಸಂಕೋಚಪಟ್ಟು ಬಿಡಬಾರದು, ಏಕೆಂದರೆ 2014ರ ನಿಯಮಗಳಲ್ಲಿ ಈ ಲೆವೆಲ್‌ಗೆ ಮ್ಯಾಜಿಕ್ ಇಲ್ಲದ ಆಯುಧದ ಪೆಟ್ಟನ್ನು ಅರ್ಧಕ್ಕಿಳಿಸುವ ಎದುರಾಳಿಗಳು ಸಾಕಷ್ಟಿದ್ದಾರೆ. ಎರಡು ಅನ್‌ಕಾಮನ್ ದರ್ಜೆಯ ವಸ್ತುಗಳಿಗೆ ಅನುಮತಿ ಸಿಕ್ಕರೆ ಒಂದು +1 ಆಯುಧವಾಗಿರಲಿ. ಇನ್ನೊಂದು, ಬಿಲ್ಲುಗಾರರಿಗೆ ಕ್ಲೋಕ್ ಆಫ್ ಪ್ರೊಟೆಕ್ಷನ್, ಕತ್ತಿ ಹಿಡಿದವರಿಗೆ ವಿಂಗ್ಡ್ ಬೂಟ್ಸ್.

ಡಿಜಿಟಲ್ ಶೀಟ್‌ಗಳು ಎಲ್ಲ ಶಕ್ತಿಗಳನ್ನೂ ಒಂದೇ ತೂಕದಲ್ಲಿ ತೋರಿಸುವುದರಿಂದ ಮೊದಲ ಸೆಷನ್‌ಗಳಿಗೆ ಕೈಬರಹದ ಒಂದು ಚೀಟಿ ಇಟ್ಟುಕೊಳ್ಳುವುದು ಒಳ್ಳೆಯದು. ಬಿಲ್ಲು ಹಿಡಿದ ಚಾಂಪಿಯನ್ ಫೈಟರ್‌ಗೆ ಅದರಲ್ಲಿ ಇಷ್ಟು ಸಾಕು: ಮೂರು ಬಾಣ, ಪ್ರತಿಯೊಂದಕ್ಕೂ +13, ತಾಗಿದರೆ ಎಂಟುಮುಖದ ದಾಳ ಮತ್ತು 6, 19 ಅಥವಾ 20 ಬಂದರೆ ಎರಡು ದಾಳ, ಆಕ್ಷನ್ ಸರ್ಜ್ ಒಂದು ಸಲ, ಶಾರ್ಟ್ ರೆಸ್ಟ್ ಆದ ಮೇಲೆ ಮತ್ತೆ, ಸೆಕೆಂಡ್ ವಿಂಡ್, ಹತ್ತುಮುಖದ ದಾಳ ಮತ್ತು 13 ಹಿಟ್ ಪಾಯಿಂಟ್ ವಾಪಸ್, ಸೇವಿಂಗ್ ಥ್ರೋ ಸೋತರೆ ಇಂಡಾಮಿಟಬಲ್, ದಿನಕ್ಕೆ ಎರಡು. ಬಳಸಿದಾಗ ಪೆನ್ಸಿಲ್‌ನಲ್ಲಿ ಗೀಟು ಹಾಕಿಕೊಳ್ಳಲು ಪಕ್ಕದಲ್ಲಿ ಜಾಗ ಬಿಟ್ಟಿರಿ.